ಆರು ಮಂದಿ ಆಂಟ್‌ವರ್ಪ್‌ಗೆ ಹೋದ್ರು

ಭಾಗ 1

ಹೋದ ತಿಂಗಳು ಕಾಲೇಜಿನ ಕ್ವಿಜ್‌ನಲ್ಲಿ ಒಂದು ಪ್ರಶ್ನೆ ಬಂತು. ಒಲಿಂಪಿಕ್ಸ್‌ಗೆ ಭಾರತ ಮೊದಲ ಸಲ ತಂಡ ಕಳಿಸಿದ್ದು ಯಾವ ವರ್ಷ? ನಮ್ಮ ಟೀಮ್‌ನವರು ಒಂದು ಸೆಕೆಂಡೂ ಯೋಚನೆ ಮಾಡದೆ 1928 ಅಂತ ಬರೆದ್ವಿ. ಹಾಕಿ, ಧ್ಯಾನ್‌ಚಂದ್, ಚಿನ್ನದ ಪದಕ, ಎಲ್ಲಾ ಬಾಯಿಪಾಠ ಅಲ್ವಾ? ತಪ್ಪಾತು. ಸರಿ ಉತ್ತರ 1920. ಮಾರ್ಕು ಹೋತು, ಜೊತೆಗೆ ಕ್ಯಾಂಟೀನ್ ಕೂಪನ್ ಕೂಡ ಪಕ್ಕದ ಸೆಕ್ಷನ್‌ಗೆ ಹೋತು.

ಆ ಸಿಟ್ಟಿಗೆ ಕೂತು ಓದಿದೆ. ಓದ್ತಾ ಓದ್ತಾ ಸಿಟ್ಟು ಇಳೀತು, ನಾಚಿಕೆ ಶುರುವಾತು. ಯಾಕಂದ್ರ 1920ರ ಆ ತಂಡದಲ್ಲಿ ಇದ್ದವರೇ ಆರು ಮಂದಿ. ಆ ಆರರಲ್ಲಿ ಒಬ್ಬರು ಬೆಳಗಾವಿಯವರು, ಒಬ್ಬರು ಹುಬ್ಬಳ್ಳಿಯವರು. ನಮ್ಮ ಹುಬ್ಬಳ್ಳಿ! ಇಪ್ಪತ್ತು ವರ್ಷದಿಂದ ಇದೇ ಊರಿನ ಧೂಳು ಕುಡೀತಿದ್ದೀನಿ, ಒಬ್ಬರ ಬಾಯಲ್ಲೂ ಈ ಮಾತು ಕೇಳಿಲ್ಲ. ನೀವು ಕೇಳೀರೇನು?

ಅದಕ್ಕೆ ಈ ಸೀರೀಸ್. ಒಂದು ಕ್ಯಾಪ್ಷನ್‌ನಲ್ಲಿ ಹಿಡಿಸಂಗಿಲ್ಲ, ಭಾಗ ಮಾಡಿ ಹಾಕ್ತೀನಿ. ಉದ್ದ ಆತು ಅಂತ ಬೈಬ್ಯಾಡ್ರಿ. ರೀಲ್ಸ್ ನೋಡೋ ಟೈಮ್‌ನಲ್ಲಿ ಅರ್ಧ ಕೊಡ್ರಿ ಸಾಕು.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ, ಇಲ್ಲಾಂದ್ರ ಕಮೆಂಟ್‌ನಲ್ಲಿ ಯಾರಾದ್ರೂ ಬಂದು ಹಿಡಿದುಕೊಳ್ತೀರಿ. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಾರ್ಮನ್ ಪ್ರಿಚರ್ಡ್ ಅನ್ನೋರು ಎರಡು ಬೆಳ್ಳಿ ಗೆದ್ದಿದ್ರು. ಹುಟ್ಟಿದ್ದು ಕಲ್ಕತ್ತಾದಲ್ಲಿ, ದಾಖಲೆಯಲ್ಲಿ ಭಾರತದ ಹೆಸರೇ ಇದೆ. ಅವರು ಭಾರತದವರೋ ಬ್ರಿಟನ್‌ನವರೋ ಅನ್ನೋ ಜಗಳ ಇವತ್ತಿಗೂ ಮುಗಿದಿಲ್ಲ. ಆದ್ರ ಅವರು ಒಬ್ಬರೇ ಹೋಗಿದ್ದು. ಇಲ್ಲಿಂದ ಆರಿಸಿ, ದುಡ್ಡು ಕೂಡಿಸಿ, ಹಡಗು ಹತ್ತಿಸಿ ಕಳಿಸಿದ ಮೊದಲ ತಂಡ ಅಂದ್ರ 1920ರದೇ.

ಭಾಗ 2

ಕಥೆ ಶುರುವಾಗೋದು ಪುಣೆಯಲ್ಲಿ, 1919ರಲ್ಲಿ. ಅಲ್ಲಿನ ಡೆಕ್ಕನ್ ಜಿಮ್‌ಖಾನಾ ಅನ್ನೋ ಕ್ಲಬ್ಬಿಗೆ ದೊರಾಬ್ಜಿ ಟಾಟಾ ಅಧ್ಯಕ್ಷರು. ಜಮ್‌ಶೆಟ್‌ಜಿ ಟಾಟಾ ಅವರ ಹಿರಿ ಮಗ. ಕೇಂಬ್ರಿಜ್‌ನಲ್ಲಿ ಓದಿ ಬಂದವರು, ಆಟದ ಹುಚ್ಚು ಅಲ್ಲಿಂದಲೇ ಅಂಟಿಸಿಕೊಂಡು ಬಂದಿದ್ರು. (ನಮ್ಮ ಕಡೆಗೂ ಅವರಿಗೆ ಒಂದು ನಂಟು ಇದೆ. ಅವರ ಹೆಂಡತಿ ಮೆಹೆರ್‌ಬಾಯಿ ಅವರ ತಂದೆ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ದೊಡ್ಡ ಅಧಿಕಾರಿ. ಹುಡುಗ ಹುಡುಗಿ ಭೇಟಿಯಾಗಿದ್ದು ಮೈಸೂರಲ್ಲಿ. ಮೆಹೆರ್‌ಬಾಯಿ ಸೀರೆ ಉಟ್ಟುಕೊಂಡೇ ಟೆನಿಸ್ ಆಡ್ತಿದ್ರಂತೆ. ಅವರ ಮೇಲೆ ಬೇರೆ ಸೀರೀಸ್ ಮಾಡಬೇಕು.)

ಜಿಮ್‌ಖಾನಾದಲ್ಲಿ ಒಂದು ಕ್ರೀಡಾಕೂಟ ಇಟ್ರು. ಓಡಲಿಕ್ಕೆ ಬಂದವರು ಯಾರು ಅಂತೀರಿ? ಸುತ್ತಮುತ್ತಲ ಹಳ್ಳಿ ಹುಡುಗರು. ಹೊಲದಾಗ ಕೆಲಸ ಮಾಡೋರು. ಕಾಲಿಗೆ ಬೂಟು ಇಲ್ಲ, ಕೋಚ್ ಅನ್ನೋ ಪದವೇ ಗೊತ್ತಿಲ್ಲ, ಓಟಕ್ಕೂ ನಿಯಮ ಇರ್ತದ ಅನ್ನೋದು ಗೊತ್ತಿಲ್ಲ. ಬರಿಗಾಲಲ್ಲಿ ಓಡಿದ್ರು. ಆದ್ರ ಗಡಿಯಾರ ಹಿಡಿದು ನಿಂತಿದ್ದ ದೊರಾಬ್ಜಿಗೆ ಅನಿಸಿದ್ದೇನಂದ್ರ, ಇವರ ಟೈಮಿಂಗ್ ಯುರೋಪಿನವರ ಟೈಮಿಂಗ್‌ಗಿಂತ ಅಂಥಾ ದೂರ ಏನಿಲ್ಲವಲ್ಲ! ಹತ್ತು ವರ್ಷದ ನಂತರ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ ಅವರೇ ಇದನ್ನೆಲ್ಲ ನೆನಪು ಮಾಡಿಕೊಂಡಿದ್ದಾರೆ.

ಆವತ್ತಿನ ಕೂಟಕ್ಕೆ ಮುಂಬೈ ಗವರ್ನರ್ ಜಾರ್ಜ್ ಲಾಯ್ಡ್ ಕೂಡ ಬಂದಿದ್ರು. ದೊರಾಬ್ಜಿ ಅವರನ್ನ ಹಿಡಿದುಕೊಂಡ್ರು. ಭಾರತದ ಹುಡುಗರನ್ನ ಒಲಿಂಪಿಕ್ಸ್‌ಗೆ ಕಳಿಸೋಣ, ಲಂಡನ್‌ನಲ್ಲಿ ನೀವು ಒಂದು ಮಾತು ಹೇಳ್ರಿ ಅಂತ. ಆವಾಗ ಭಾರತಕ್ಕೆ ಸ್ವಂತ ಒಲಿಂಪಿಕ್ ಸಂಸ್ಥೆಯೇ ಇರಲಿಲ್ಲ. ಬ್ರಿಟಿಷ್ ಒಲಿಂಪಿಕ್ ಸಮಿತಿಯ ಮೂಲಕ ಬಾಗಿಲು ತಟ್ಟಿ ಪ್ರವೇಶ ಪಡೀಬೇಕಿತ್ತು. ಬಾಗಿಲು ತೆಗೀತು.

1920ರ ಏಪ್ರಿಲ್‌ನಲ್ಲಿ ಆಯ್ಕೆ ಓಟ ನಡೀತು. ಆ ಕಾಲದ ಒಂದು ತಮಾಷೆ ಕಥೆ ಹೇಳ್ತಾರೆ. ನೂರು ಮೀಟರ್‌ಗೆ ಅರ್ಹತೆಯ ಟೈಮ್ ಎಷ್ಟಿರಬೇಕು ಅಂತ ಜಿಮ್‌ಖಾನಾದ ಒಬ್ಬ ಹಿರಿ ಸದಸ್ಯರನ್ನ ಕೇಳಿದಾಗ, ಒಂದು ನಿಮಿಷ ಇರಬಹುದು, ಎರಡೂ ಇರಬಹುದು ಅಂದ್ರಂತೆ. ಅಲ್ಲಪ್ಪಾ, ಇಲ್ಲಿ ಲೆಕ್ಕ ನಿಮಿಷದ್ದಲ್ಲ, ಸೆಕೆಂಡಿನ ಚೂರಿನದು ಅಂದಾಗ ಅವರು ಗಾಬರಿ ಬಿದ್ರಂತೆ. ನಗಬ್ಯಾಡ್ರಿ. ಮ್ಯಾರಥಾನ್ ಎಷ್ಟು ಕಿಲೋಮೀಟರ್ ಅಂತ ಹೋದ ತಿಂಗಳು ಕೇಳಿದ್ರ ನಾನೂ "ಒಂದು ಇಪ್ಪತ್ತು ಇರಬಹುದು" ಅಂತಿದ್ದೆ.

ಭಾಗ 3

ಈಗ ದುಡ್ಡಿನ ಮಾತು. ಬಿ.ಕಾಂ ಓದೋನು ಹೇಳೋ ಇತಿಹಾಸದಾಗ ಖರ್ಚಿನ ಕಾಲಂ ಇಲ್ಲದಿದ್ರ ಹೆಂಗ?

ಹಡಗಿನ ಟಿಕೆಟ್, ತಿಂಗಳುಗಟ್ಟಲೆ ಊಟ, ವಸತಿ, ಲಂಡನ್‌ನಲ್ಲಿ ತರಬೇತಿ, ಬೂಟು, ಬಟ್ಟೆ. ಸರ್ಕಾರ ಒಂದಿಷ್ಟು ಕೊಟ್ಟಿತು, ಚಂದಾ ಎತ್ತಿದ್ರು. ದೊಡ್ಡ ಭಾರ ಬಿದ್ದಿದ್ದು ದೊರಾಬ್ಜಿಯ ಸ್ವಂತ ಜೇಬಿನ ಮೇಲೆ. ಈ ಮನುಷ್ಯನ ಲೆಕ್ಕಾಚಾರವೇ ಬೇರೆ. ಮುಂದೆ 1924ರಲ್ಲಿ ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆ ಸಂಬಳ ಕೊಡಲಿಕ್ಕೂ ಒದ್ದಾಡುವ ಸ್ಥಿತಿಗೆ ಬಂದಾಗ, ಸ್ವಂತ ಆಸ್ತಿಯನ್ನೂ ಹೆಂಡತಿಯ ಜ್ಯುಬಿಲಿ ವಜ್ರವನ್ನೂ ಬ್ಯಾಂಕಿನಲ್ಲಿ ಅಡ ಇಟ್ಟು ಸಾಲ ತಂದವರು. ಆ ವಜ್ರ ಕೊಹಿನೂರಿಗಿಂತ ದೊಡ್ಡದು. ಕಾರ್ಪೊರೇಟ್ ಅಕೌಂಟಿಂಗ್ ಪೇಪರ್‌ನಲ್ಲಿ ಇಂಥಾ ಎಂಟ್ರಿ ನಾನು ನೋಡಿಲ್ಲ.

ಇಲ್ಲಿ ನನ್ನ ಒಂದು ವಿಷಯ ಹೇಳಬೇಕು. ಹೇಳಲಿಕ್ಕೆ ಸ್ವಲ್ಪ ಮುಜುಗರ ಇದೆ.

ನಮ್ಮ ಕ್ಲಾಸಿನಲ್ಲಿ ಒಬ್ಬ ಇದ್ದಾನ. ಹೆಸರು ಹೇಳಂಗಿಲ್ಲ, ಕ್ಲಾಸಿನವರಿಗೆ ಗೊತ್ತಾಗ್ತದ. ಹೋದ ಸೆಮಿಸ್ಟರ್‌ನಲ್ಲಿ ಕ್ರಾಸ್ ಕಂಟ್ರಿ ಓಡಲಿಕ್ಕೆ ಬೇರೆ ಊರಿಗೆ ಹೋಗಿದ್ದ. ಹತ್ತು ಕಿಲೋಮೀಟರ್. ಜನರಲ್ ಬೋಗಿಯಲ್ಲಿ ರಾತ್ರಿಯಿಡೀ ನಿಂತುಕೊಂಡು ಹೋಗಿ, ಬೆಳಿಗ್ಗೆ ಒಂದು ಚಹಾ ಕುಡಿದು ಓಡಿದ. ಬೂಟು ಅಣ್ಣನದು, ಒಂದು ಸೈಜ್ ದೊಡ್ಡದು. ಮುಂದೆ ಹತ್ತಿ ತುರುಕಿಕೊಂಡಿದ್ದ. ಬಸ್ಸು ರೈಲಿನ ದುಡ್ಡು ವಾಪಸ್ ಕೊಡ್ತೀವಿ ಅಂದಿದ್ರು, ಬಿಲ್ ಕೊಟ್ಟು ಎಷ್ಟೋ ತಿಂಗಳಾತು, ಇನ್ನೂ ಬಂದಿಲ್ಲ. ಮೂವತ್ತೊಂದನೇ ಸ್ಥಾನ ಬಂತು ಅವನಿಗೆ.

ವಾಪಸ್ ಬಂದಾಗ ಕ್ಲಾಸ್ ಗ್ರೂಪ್‌ನಲ್ಲಿ ಮೊದಲು ಮೆಸೇಜ್ ಹಾಕಿದ್ದು ನಾನು. "ಕೊನೆಯಿಂದ ಎಷ್ಟನೇದಪಾ?" ಅಂತ. ಆಮೇಲೆ ಸ್ಟಿಕರ್‌ಗಳ ಮಳೆ. ಅವನೂ ನಕ್ಕ ಸ್ಟಿಕರ್ ಹಾಕಿದ. ಮುಂದಿನ ವಾರದಿಂದ ಗ್ರೌಂಡಿಗೆ ಹೋಗೋದು ಬಿಟ್ಟ. ಈಗ ಸಾಯಂಕಾಲ ಟ್ಯಾಲಿ ಕ್ಲಾಸಿಗೆ ಹೋಗ್ತಾನ.

ಇದನ್ನ ಇಲ್ಲಿ ಯಾಕೆ ಹೇಳಿದೆ ಅಂತ ಆರನೇ ಭಾಗ ಓದಿದ ಮೇಲೆ ನಿಮಗೆ ಗೊತ್ತಾಗ್ತದ.

ಭಾಗ 4

ಆರು ಮಂದಿಯ ಪಟ್ಟಿ ಇಲ್ಲಿದೆ, ಸ್ಕ್ರೀನ್‌ಶಾಟ್ ತಗೊಳ್ರಿ.

ಪೂರ್ಮ ಬ್ಯಾನರ್ಜಿ, ಬಂಗಾಳದವರು, ನೂರು ಮತ್ತು ನಾನೂರು ಮೀಟರ್ ಓಟ. ಪಡೆಪ್ಪ ದರೆಪ್ಪ ಚೌಗುಲೆ, ಬೆಳಗಾವಿ, ಮ್ಯಾರಥಾನ್. ದಾತಾರ್, ಸಾತಾರಾ, ಅವರೂ ಮ್ಯಾರಥಾನ್. ಕೈಕಾಡಿ, ಹುಬ್ಬಳ್ಳಿ, ದೂರದ ಓಟ. ಇನ್ನು ಇಬ್ಬರು ಪೈಲ್ವಾನರು: ಮುಂಬೈನ ನವಲೆ, ಕೊಲ್ಹಾಪುರದ ಶಿಂಧೆ. ಸೊಹ್ರಾಬ್ ಭೂತ್ ಅನ್ನೋರು ಮ್ಯಾನೇಜರ್.

ಪಡೆಪ್ಪ, ದರೆಪ್ಪ. ಆ "ಅಪ್ಪ" ನೋಡಿದ್ರ ಸಾಕು, ಯಾವ ಮಣ್ಣಿನ ಹೆಸರು ಅಂತ ನಮಗೆ ಹೇಳಿಕೊಡಬೇಕಾಗಿಲ್ಲ. ಆವಾಗ ಬೆಳಗಾವಿ, ಧಾರವಾಡ, ಹುಬ್ಬಳ್ಳಿ ಎಲ್ಲಾ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದವು. ಮೈಸೂರಿನ ಜೊತೆ ಒಂದಾಗಿದ್ದು 1956ರಲ್ಲಿ. ಹಿಂಗಾಗಿ ಮರಾಠಿ ಕಡೆಯವರು ಬರೆದ ಪುಸ್ತಕದಲ್ಲಿ ಇವರು ಮುಂಬೈ ಪ್ರಾಂತ್ಯದವರು, ನಮ್ಮ ಕಡೆಯ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಗಡಿ ಊರಿನವರ ಹಣೆಬರಹ ಇದು. ಎರಡೂ ಮನೆಯವರು ನಮ್ಮವರು ಅಂತಾರೆ, ಊಟಕ್ಕೆ ಮಾತ್ರ ಯಾರೂ ಕರೆಯಂಗಿಲ್ಲ.

1920ರ ಜೂನ್‌ನಲ್ಲಿ ಮುಂಬೈನಿಂದ ಹಡಗು ಹೊರಟಿತು. ಮೊದಲು ಇಂಗ್ಲೆಂಡ್. ಲಂಡನ್‌ನ ಸ್ಟ್ಯಾಮ್‌ಫರ್ಡ್ ಬ್ರಿಡ್ಜ್‌ನಲ್ಲಿ ಇಂಗ್ಲಿಷ್ ತರಬೇತುದಾರರ ಕೈಕೆಳಗೆ ಕೆಲವು ವಾರ ಅಭ್ಯಾಸ. ಹೌದು ಚೆಲ್ಸಿ ಫ್ಯಾನ್‌ಗಳೇ, ಅದೇ ಸ್ಟ್ಯಾಮ್‌ಫರ್ಡ್ ಬ್ರಿಡ್ಜ್. ಆವಾಗ ಅಲ್ಲಿ ಓಟದ ಟ್ರ್ಯಾಕ್ ಇತ್ತು. ನಿಮ್ಮ ಪ್ರೊಫೈಲ್ ಫೋಟೋದ ಸ್ಟೇಡಿಯಂನಲ್ಲಿ ಬೆಳಗಾವಿಯ ಪಡೆಪ್ಪ ನಿಮಗಿಂತ ನೂರು ವರ್ಷ ಮೊದಲೇ ಓಡಿ ಬಂದಿದ್ದಾರೆ.

ಇವರು ಅಲ್ಲಿ ಸುತ್ತು ಹಾಕ್ತಿದ್ದಾಗ ಇಲ್ಲಿ ಏನಾಗ್ತಿತ್ತು ಅನ್ನೋದನ್ನೂ ಜೊತೆಗೆ ಇಟ್ಟು ನೋಡ್ರಿ. ಜಲಿಯನ್‌ವಾಲಾ ಬಾಗ್ ಆಗಿ ಒಂದು ವರ್ಷ ಚಿಲ್ಲರೆ. ಅದಕ್ಕೂ ಮೊದಲು 1918ರ ಇನ್‌ಫ್ಲುಯೆಂಜಾ ಮನೆಮನೆಯನ್ನ ಖಾಲಿ ಮಾಡಿ ಹೋಗಿತ್ತು, ಮುಂಬೈ ಪ್ರಾಂತ್ಯದಲ್ಲಂತೂ ಅದರ ಹೊಡೆತ ಭಾಳ ಜೋರು. 1920ರ ಆಗಸ್ಟ್ 1ಕ್ಕೆ ಬಾಲಗಂಗಾಧರ ತಿಲಕರು ಮುಂಬೈನಲ್ಲಿ ತೀರಿಕೊಂಡ್ರು. ಅದೇ ದಿನ ಗಾಂಧೀಜಿ ಅಸಹಕಾರ ಚಳವಳಿ ಶುರು ಮಾಡಿದ್ರು. ಬ್ರಿಟಿಷರು ಕೊಟ್ಟ ಬಿರುದು ಬಿಡ್ರಿ, ಅವರ ಶಾಲೆ ಬಿಡ್ರಿ, ಕೋರ್ಟು ಬಿಡ್ರಿ ಅನ್ನೋ ಹೊತ್ತು. ಅದೇ ಹೊತ್ತಿಗೆ ಈ ಆರು ಮಂದಿ ಬ್ರಿಟಿಷ್ ಇಂಡಿಯಾ ಅನ್ನೋ ಹೆಸರಿನ ಕೆಳಗೆ ಮೆರವಣಿಗೆಯಲ್ಲಿ ನಡೀಬೇಕು.

ಅವರ ಮನಸ್ಸಿನಲ್ಲಿ ಏನಿತ್ತೋ. ನಾವಾಗಿದ್ರ ಏನು ಮಾಡ್ತಿದ್ವಿ? ಕಮೆಂಟ್‌ನಲ್ಲಿ "ನಾನಾಗಿದ್ರೆ ಹೋಗ್ತಿರಲಿಲ್ಲ" ಅಂತ ಬರೆಯೋದು ಸುಲಭ. ಹೊಲದಿಂದ ಎದ್ದು ಬಂದ ಇಪ್ಪತ್ತರ ಆಸುಪಾಸಿನ ಹುಡುಗನ ಮುಂದೆ ಹಡಗು ನಿಂತಿದ್ದಾಗ ಅಷ್ಟು ಸುಲಭ ಇರಲಿಕ್ಕಿಲ್ಲ.

ಭಾಗ 5

ಆಂಟ್‌ವರ್ಪ್ ಬೆಲ್ಜಿಯಂನ ಬಂದರು ಊರು. ಮೊದಲ ಮಹಾಯುದ್ಧದಲ್ಲಿ ನಾಲ್ಕು ವರ್ಷ ಜರ್ಮನ್ನರ ಕೈಯಲ್ಲಿ ನಲುಗಿತ್ತು. 1916ರ ಒಲಿಂಪಿಕ್ಸ್ ಬರ್ಲಿನ್‌ನಲ್ಲಿ ಆಗಬೇಕಿತ್ತು, ಯುದ್ಧದಿಂದ ರದ್ದಾತು. ಯುದ್ಧ ಮುಗಿದ ಮೇಲೆ, ಬೆಲ್ಜಿಯಂ ಪಟ್ಟ ಪಾಡಿಗೆ ಒಂದು ಗೌರವ ಅಂತ 1919ರಲ್ಲಿ ಈ ಊರಿಗೆ ಕೂಟ ಕೊಟ್ರು. ತಯಾರಿಗೆ ಸಿಕ್ಕಿದ್ದು ಒಂದೂವರೆ ವರ್ಷವೂ ಇಲ್ಲ. ಆಟಗಾರರನ್ನ ಶಾಲೆ ಕಟ್ಟಡಗಳಲ್ಲಿ ಮಡಚೋ ಮಂಚದ ಮೇಲೆ ಮಲಗಿಸಿದ್ರು. ಜರ್ಮನಿ, ಆಸ್ಟ್ರಿಯಾ, ಹಂಗೇರಿ, ಬಲ್ಗೇರಿಯಾ, ಟರ್ಕಿಗೆ ಆಮಂತ್ರಣವೇ ಇಲ್ಲ. ಬಂದಿದ್ದು 29 ದೇಶ.

ಐದು ಉಂಗುರದ ಬಾವುಟ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹಾರಿದ್ದು ಇಲ್ಲೇ. ಆಟಗಾರರ ಪರವಾಗಿ ಪ್ರತಿಜ್ಞೆ ಓದಿದ್ದೂ ಇಲ್ಲೇ ಮೊದಲು, ಓದಿದವರು ಬೆಲ್ಜಿಯಂನ ವಿಕ್ಟರ್ ಬೊಯಿನ್. ಉದ್ಘಾಟನೆ ಆಗಸ್ಟ್ 14ಕ್ಕೆ. ಭಾರತದ ಬಾವುಟ ಹಿಡಿದವರು ಬ್ಯಾನರ್ಜಿ. ಅದು ನಮ್ಮ ತ್ರಿವರ್ಣ ಅಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. ಸರಿಯಾಗಿ 27 ವರ್ಷದ ನಂತರ ಇದೇ ಆಗಸ್ಟ್ 14ರ ಮಧ್ಯರಾತ್ರಿ ಬಾವುಟ ಬದಲಾತು.

ಬ್ಯಾನರ್ಜಿ ನೂರು ಮತ್ತು ನಾನೂರು ಎರಡರಲ್ಲೂ ಮೊದಲ ಸುತ್ತಲ್ಲೇ ಹೊರಬಿದ್ರು. ನಮ್ಮ ಹುಬ್ಬಳ್ಳಿಯ ಕೈಕಾಡಿಯವರೂ ಪದಕದ ಹತ್ತಿರ ಬರಲಿಲ್ಲ. ನವಲೆಯವರ ಕುಸ್ತಿ ಮೊದಲ ಪಂದ್ಯಕ್ಕೇ ಮುಗೀತು. ಇಷ್ಟನ್ನೇ ಬರೆದು ಬಹಳ ಪುಸ್ತಕಗಳು ಮುಂದೆ ಹೋಗಿಬಿಡ್ತವ: 1920, ಪದಕ ಸೊನ್ನೆ, ಮುಂದಿನ ಪ್ಯಾರಾ. ಆದ್ರ ಎರಡು ಕಡೆ ನಿಲ್ಲಬೇಕು.

ಭಾಗ 6

ಆಗಸ್ಟ್ 22. ಮ್ಯಾರಥಾನ್.

ಈಗ ಮ್ಯಾರಥಾನ್ ಅಂದ್ರ ಎಲ್ಲಾ ಕಡೆ 42.195 ಕಿಲೋಮೀಟರ್. ಆವಾಗ ಒಂದೊಂದು ಊರಿಗೆ ಒಂದೊಂದು ಅಳತೆ. ಆಂಟ್‌ವರ್ಪ್‌ನವರು ಹಾಕಿದ ದಾರಿ 42.75 ಕಿಲೋಮೀಟರ್. ಒಲಿಂಪಿಕ್ಸ್ ಇತಿಹಾಸದಲ್ಲೇ ಎಲ್ಲಕ್ಕಿಂತ ಉದ್ದದ ಮ್ಯಾರಥಾನ್. ನಮ್ಮ ಲೆಕ್ಕದಲ್ಲಿ ಹೇಳ್ತೀನಿ ಕೇಳ್ರಿ. ಚೆನ್ನಮ್ಮ ಸರ್ಕಲ್‌ನಿಂದ ಹೊರಟು ಉಣಕಲ್ ದಾಟಿ, ನವಲೂರು ದಾಟಿ, ಧಾರವಾಡ ಮುಟ್ಟಿ, ಅಲ್ಲಿ ಒಂದು ಫೇಡೆ ಕೂಡ ತಿನ್ನದೆ ತಿರುಗಿ ಹುಬ್ಬಳ್ಳಿಗೆ ಓಡಿ ಬಂದ್ರ ಹೆಚ್ಚುಕಡಿಮೆ ಅಷ್ಟಾಗ್ತದ. ಚಿಗರಿ ಬಸ್ಸಿನಲ್ಲಿ ಎಸಿ ಹಾಕಿಕೊಂಡು ಹೋಗಿ ಬಂದ್ರೂ ನಮಗೆ ಸುಸ್ತಾಗ್ತದಲ್ಲ, ಆ ದಾರಿ.

ದಾತಾರ್ ಅವರಿಗೆ ಓಟ ಮುಗಿಸಲಿಕ್ಕೆ ಆಗಲಿಲ್ಲ. ಪಡೆಪ್ಪ ಮುಗಿಸಿದ್ರು. 2 ಗಂಟೆ 50 ನಿಮಿಷ 45 ಸೆಕೆಂಡ್. ಹತ್ತೊಂಬತ್ತನೇ ಸ್ಥಾನ.

ಕ್ಯಾಲ್ಕುಲೇಟರ್ ತಗೊಂಡೆ. 170.75 ನಿಮಿಷ ಭಾಗಿಸು 42.75 ಕಿಲೋಮೀಟರ್. ಬಂದಿದ್ದು 3.99. ಅಂದ್ರ ಪ್ರತಿ ಕಿಲೋಮೀಟರ್ ನಾಲ್ಕು ನಿಮಿಷಕ್ಕಿಂತ ಒಂದು ಕೂದಲು ಕಡಿಮೆ. ಮೊದಲ ಕಿಲೋಮೀಟರ್ ಮಾತ್ರ ಅಲ್ಲ, ಸರಾಸರಿ ತೆಗೆದ್ರ ನಲವತ್ತೆರಡೂ ಮುಕ್ಕಾಲೂ ಹಂಗ. ಕಾಲೇಜಿನ ನಾನೂರು ಮೀಟರ್ ಟ್ರ್ಯಾಕ್‌ನಲ್ಲಿ ಒಂದು ಸುತ್ತಿಗೆ 96 ಸೆಕೆಂಡ್, ಅಂಥ ಸುತ್ತು ಸುಮಾರು 107. ಇವತ್ತಿನ ಅಳತೆಗೆ ಇಳಿಸಿದ್ರ 2 ಗಂಟೆ 48 ನಿಮಿಷದ ಮೇಲೆ ಅರ್ಧ ನಿಮಿಷ. 1952ರ ಹೆಲ್ಸಿಂಕಿಯಲ್ಲಿ ಸ್ವತಂತ್ರ ಭಾರತದ ಸೂರತ್ ಸಿಂಗ್ ಮಾಥುರ್ ಮ್ಯಾರಥಾನ್ ಮುಗಿಸಿದ್ದು 2 ಗಂಟೆ 58 ನಿಮಿಷದಲ್ಲಿ, ಅದೂ ಅರ್ಧ ಕಿಲೋಮೀಟರ್ ಕಡಿಮೆ ದಾರಿಯಲ್ಲಿ. ಮೂವತ್ತೆರಡು ವರ್ಷ ಮೊದಲು ಪಡೆಪ್ಪ ಓಡಿದ ಓಟದ ಬೆಲೆ ನನಗೆ ತಿಳಿದಿದ್ದು ಈ ಲೆಕ್ಕ ಮಾಡಿದ ಮೇಲೆ.

ಲೆಕ್ಕ ಕಾಗದದ ಮೇಲೆ ಚಂದ ಇತ್ತು. ಮೈಮೇಲೆ ಹೆಂಗಿರ್ತದ ನೋಡೋಣ ಅಂತ ಮರುದಿನ ಬೆಳಿಗ್ಗೆ ಗ್ರೌಂಡಿಗೆ ಹೋದೆ. ಫೋನಿನಲ್ಲಿ ಸ್ಟಾಪ್‌ವಾಚ್ ಹಚ್ಚಿ ಎರಡೂವರೆ ಸುತ್ತು, ಒಂದು ಕಿಲೋಮೀಟರ್. ಮೊದಲ ಸುತ್ತು 94 ಸೆಕೆಂಡ್, ಹೀರೋ ಆಗಿಬಿಟ್ಟೆ ಅಂದುಕೊಂಡೆ. ಎರಡನೇ ಸುತ್ತಿನ ತಿರುವಿನಲ್ಲಿ ಪಕ್ಕೆ ಹಿಡೀತು. ಒಟ್ಟು 4 ನಿಮಿಷ 52 ಸೆಕೆಂಡ್. ಆಮೇಲೆ ಕಟ್ಟೆ ಮೇಲೆ ಹತ್ತು ನಿಮಿಷ ಬಿದ್ದುಕೊಂಡಿದ್ದೆ. ವಾಕಿಂಗ್ ಬಂದಿದ್ದ ಒಬ್ಬ ಅಜ್ಜಾರು "ಏನ್ ತಮ್ಮಾ, ನೀರು ಬೇಕೇನು?" ಅಂತ ಕೇಳಿದ್ರು.

ಆ ಕಟ್ಟೆ ಮೇಲೆ ಮಲಗಿದ್ದಾಗ ನೆನಪಾಗಿದ್ದು ಪಡೆಪ್ಪ ಅಲ್ಲ. ಕ್ಲಾಸಿನವನು. ಹತ್ತಿ ತುರುಕಿದ ಬೂಟಿನಲ್ಲಿ ಹತ್ತು ಕಿಲೋಮೀಟರ್ ಓಡಿ ಮೂವತ್ತೊಂದನೇ ಸ್ಥಾನ ಬಂದವನು. "ಕೊನೆಯಿಂದ ಎಷ್ಟನೇದಪಾ" ಅಂದಿದ್ದೆ ನಾನು.

ಭಾಗ 7

ಆ ಮ್ಯಾರಥಾನ್ ಗೆದ್ದವರ ಬಗ್ಗೆ ಹೇಳದಿದ್ರ ಕಥೆ ಅರ್ಧ ಆಗ್ತದ.

ಗೆದ್ದಿದ್ದು ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್, 2 ಗಂಟೆ 32 ನಿಮಿಷ ಚಿಲ್ಲರೆ. ಇವರು 1912ರಲ್ಲೇ ಸ್ಟಾಕ್‌ಹೋಮ್‌ನಲ್ಲಿ ಮೂರು ಚಿನ್ನ ಗೆದ್ದವರು. ಆದ್ರ ಆವಾಗ ಫಿನ್ಲೆಂಡ್ ರಷ್ಯಾ ಸಾಮ್ರಾಜ್ಯದ ಕೈಕೆಳಗೆ. ಗೆದ್ದವರು ಫಿನ್ಲೆಂಡಿನವರು, ಮೇಲೇರಿದ್ದು ರಷ್ಯಾದ ಬಾವುಟ. ಅದನ್ನ ನೋಡಿ, ಗೆಲ್ಲದೆ ಇದ್ದಿದ್ರೇ ಚೆನ್ನಾಗಿತ್ತೇನೋ ಅನಿಸಿತು ಅಂತ ಅವರು ಹೇಳಿದ್ರು ಅಂತ ಹೇಳ್ತಾರೆ. 1917ರಲ್ಲಿ ಫಿನ್ಲೆಂಡ್ ಸ್ವತಂತ್ರ ಆತು. ಎಂಟು ವರ್ಷದ ನಂತರ ಆಂಟ್‌ವರ್ಪ್‌ನಲ್ಲಿ ಏರಿದ್ದು ಅವರದೇ ಬಾವುಟ.

ಅವರ ಹಿಂದೆ ಹದಿಮೂರು ಸೆಕೆಂಡ್ ಅಂತರದಲ್ಲಿ ಬಂದವರು ಎಸ್ಟೋನಿಯಾದ ಯೂರಿ ಲಾಸ್‌ಮನ್. ಎಸ್ಟೋನಿಯಾ ಕೂಡ ಅದೇ ರಷ್ಯಾದಿಂದ ಬಿಡಿಸಿಕೊಂಡಿದ್ದು 1918ರಲ್ಲಿ. ಮೂರನೆಯವರು ಇಟಲಿಯ ವಲೇರಿಯೊ ಆರ್ರಿ, ಅಷ್ಟು ದೂರ ಓಡಿ ಬಂದು ಗೆರೆ ದಾಟಿದ ಮೇಲೆ ಖುಷಿಗೆ ಲಾಗಾ ಹೊಡೆದ್ರಂತೆ. ಇಂಥಾ ಮಂದಿನೂ ಇರ್ತಾರ ನೋಡ್ರಿ.

ಹಿಂಗಾಗಿ ಆ ಓಟದಲ್ಲಿ ಒಂದನೇ, ಎರಡನೇ ಸ್ಥಾನ ಎರಡೂ ಆಗ ತಾನೇ ಬಿಡುಗಡೆಯಾದ ಪುಟ್ಟ ದೇಶಗಳಿಗೆ. ಅವರ ಹಿಂದೆ ಹದಿನೆಂಟು ನಿಮಿಷಕ್ಕೆ ಪಡೆಪ್ಪ ಅದೇ ದಾರಿಯಲ್ಲಿ ಓಡಿ ಬಂದ್ರು. ಕೊಲೆಹ್ಮೈನೆನ್‌ಗೆ 1912ರಲ್ಲಿ ಆಗಿದ್ದ ಸಂಕಟ ಪಡೆಪ್ಪನ ಪಾಲಿಗೆ 1920ರಲ್ಲೂ ಹಂಗೇ ಇತ್ತು. ಗೆದ್ದಿದ್ರೂ ಏರ್ತಿದ್ದಿದ್ದು ಬೇರೆಯವರ ಬಾವುಟ. ಸ್ಟೇಡಿಯಂನಲ್ಲಿ ಫಿನ್ಲೆಂಡಿನ ನೀಲಿ ಶಿಲುಬೆಯ ಬಾವುಟವನ್ನ ಅವರು ನೋಡಿದ್ರೋ ಏನೋ. ನೋಡಿದ್ರ ಏನಂದುಕೊಂಡ್ರೋ. ನನಗಂತೂ ಈ ಇಡೀ ಕಥೆಯಲ್ಲಿ ಹೆಚ್ಚು ಕಾಡಿದ್ದು ಇದೇ ಜಾಗ.

ಭಾಗ 8

ಎರಡನೇ ನಿಲ್ದಾಣ ಕುಸ್ತಿ. ಗರಡಿ ಮನೆ ಇರೋ ಊರಿನವರು ಇದನ್ನ ತಪ್ಪಿಸಬ್ಯಾಡ್ರಿ.

ಶಿಂಧೆ ಕೊಲ್ಹಾಪುರದವರು ಅಂದೆನಲ್ಲ. ಆವಾಗಿನ ಕೊಲ್ಹಾಪುರ ಅಂದ್ರ ಕುಸ್ತಿಯ ಕಾಶಿ. ಶಾಹೂ ಮಹಾರಾಜರು ಕುಸ್ತಿಗಂತಲೇ ಖಾಸಬಾಗ್ ಮೈದಾನ ಕಟ್ಟಿಸಿದ್ರು. ಬೆಳಗಾವಿ, ಧಾರವಾಡ ಕಡೆಯ ಪೈಲ್ವಾನರೂ ಅಲ್ಲಿಗೆ ಹೋಗಿ ಬರ್ತಿದ್ರು. ಅಲ್ಲಿ ಕುಸ್ತಿ ಅಂದ್ರ ಕೆಂಪು ಮಣ್ಣು, ಎದುರಾಳಿಯ ಬೆನ್ನು ನೆಲಕ್ಕೆ ಹಚ್ಚಿದ್ರ ಚಿತ್, ಅಲ್ಲಿಗೆ ಮುಗೀತು. ಆಂಟ್‌ವರ್ಪ್‌ನಲ್ಲಿ ಮಣ್ಣಿಲ್ಲ, ಮ್ಯಾಟ್. ಮಣ್ಣಿನಲ್ಲಿ ಕಾಲು ಊರಿ ಕಲಿತವನಿಗೆ ಮ್ಯಾಟ್ ಮೇಲೆ ಕಾಲು ನಿಲ್ಲೋದೇ ಬೇರೆ ರೀತಿ. ಹಿಡಿತ ಬೇರೆ, ನಿಯಮ ಬೇರೆ, ರೆಫರಿಯ ಭಾಷೆ ಬೇರೆ.

ಇಷ್ಟಾದ್ರೂ ಶಿಂಧೆ ಫ್ರೀಸ್ಟೈಲ್ ಫೆದರ್‌ವೇಟ್‌ನಲ್ಲಿ ಕಂಚಿನ ಪಂದ್ಯದ ತನಕ ಹೋದ್ರು. ಅಲ್ಲಿ ಎದುರಾಗಿದ್ದು ಯಾರು ಗೊತ್ತಾ? ಬ್ರಿಟನ್‌ನ ಬರ್ನಾರ್ಡ್. ಸಿನಿಮಾದವರಿಗೆ ಕೊಟ್ಟಿದ್ರ ಇಲ್ಲಿ ಶಿಂಧೆಯನ್ನ ಗೆಲ್ಲಿಸಿ, ಹಿಂದೆ ಡೊಳ್ಳು ಬಾರಿಸ್ತಿದ್ರು. ಸೋತರು. ನಾಲ್ಕನೇ ಸ್ಥಾನ.

ಆ ಒಂದು ಪಂದ್ಯ ಗೆದ್ದಿದ್ರ, ಭಾರತ ಕಳಿಸಿದ ಮೊದಲ ತಂಡವೇ ಪದಕ ತಗೊಂಡು ಬರ್ತಿತ್ತು. ಕುಸ್ತಿಯಲ್ಲಿ ನಮಗೆ ಕಂಚು ಬರಲಿಕ್ಕೆ 1952ರ ತನಕ ಕಾಯಬೇಕಾತು. ಅದನ್ನ ತಂದ ಖಾಶಾಬಾ ಜಾಧವ್ ಕೂಡ ಕೊಲ್ಹಾಪುರದಲ್ಲೇ ಓದಿದವರು. ಅವರನ್ನ ಹೆಲ್ಸಿಂಕಿಗೆ ಕಳಿಸಲಿಕ್ಕೆ ಅವರ ಕಾಲೇಜಿನ ಪ್ರಿನ್ಸಿಪಾಲ್ ಖರ್ಡೇಕರ್ ಸ್ವಂತ ಮನೆ ಅಡ ಇಟ್ಟು 7,000 ರೂಪಾಯಿ ಕೊಟ್ರು. ಒಂದು ಕಡೆ ವಜ್ರ ಅಡ, ಇನ್ನೊಂದು ಕಡೆ ಮನೆ ಅಡ. ನಮ್ಮ ಕ್ಲಾಸಿನವನ ರೈಲು ಟಿಕೆಟ್‌ಗೆ ಬಿಲ್ ಇನ್ನೂ ಪಾಸಾಗಿಲ್ಲ.

ಭಾಗ 9

ಆಮೇಲಿನದು ಬೇಗ ಹೇಳ್ತೀನಿ, ನಿಮಗೆ ಗೊತ್ತಿರೋದೇ. ಅದೇ 1920ರಲ್ಲಿ ದೊರಾಬ್ಜಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರಾದ್ರು. 1924ರಲ್ಲಿ ದೆಹಲಿಯಲ್ಲಿ ದೇಶದ ಮಟ್ಟದ ಆಯ್ಕೆ ಕೂಟ ನಡೆದು ಪ್ಯಾರಿಸ್‌ಗೆ ತಂಡ ಹೋತು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿತು, ಮೊದಲ ಅಧ್ಯಕ್ಷರು ಅವರೇ. ಮರುವರ್ಷ ಆಮ್‌ಸ್ಟರ್‌ಡ್ಯಾಂನಲ್ಲಿ ಹಾಕಿ ಚಿನ್ನ. ಕ್ವಿಜ್‌ನಲ್ಲಿ ನಾವು ಬರೆದ 1928 ಅಲ್ಲಿಂದ ಬಂದಿದ್ದು.

ಆದ್ರ ಆರು ಮಂದಿಯ ಹೆಸರು ಏನಾತು ನೋಡ್ರಿ. ಒಂದು ಪುಸ್ತಕದಲ್ಲಿ ದಾತಾರ್ ಅವರ ಹೆಸರು ಸದಾಶಿವ, ಇನ್ನೊಂದರಲ್ಲಿ ಇನಿಷಿಯಲ್ಲೇ ಬೇರೆ. ನವಲೆ ಒಂದು ಕಡೆ ಕುಮಾರ್, ಇನ್ನೊಂದು ಕಡೆ ಜಿ. ನವಲೆ. ಶಿಂಧೆ ಒಂದು ಕಡೆ ರಣಧೀರ್ ಶಿಂಡೆಸ್, ಇನ್ನೊಂದು ಕಡೆ ಎನ್. ಶಿಂಧೆ. "ಶಿಂಡೆಸ್" ಅಂತೆ! ನಮ್ಮ ಪಡೆಪ್ಪ ಇಂಗ್ಲಿಷ್ ದಾಖಲೆಯಲ್ಲಿ ಫಡೆಪ್ಪ ಆಗಿದ್ದಾರೆ. ಹುಬ್ಬಳ್ಳಿಯ ಕೈಕಾಡಿಯವರಂತೂ ಹೆಚ್ಚಿನ ಕಡೆ ಬರೀ ಕೈಕಾಡಿ. ದೇಶದ ಮೊದಲ ಒಲಿಂಪಿಕ್ ತಂಡದವರು, ಒಬ್ಬರ ಪೂರ್ತಿ ಹೆಸರು ಎಲ್ಲರೂ ಒಂದೇ ತರ ಬರೆದಿಲ್ಲ. ನಮ್ಮ ಅಟೆಂಡೆನ್ಸ್ ರಿಜಿಸ್ಟರ್‌ನಲ್ಲಿ ಒಂದು ಅಕ್ಷರ ತಪ್ಪಾದ್ರ ಎಷ್ಟು ಗದ್ದಲ ಮಾಡ್ತೀವಿ.

ಬೆಳಗಾವಿ, ಹುಬ್ಬಳ್ಳಿ ಕಡೆಯವರಿಗೆ ಒಂದು ಕೆಲಸ. ಮನೆಯಲ್ಲಿ ಅಜ್ಜ, ಮುತ್ತಜ್ಜ ಇದ್ರ ಈ ಎರಡು ಹೆಸರು ಹೇಳಿ ಕೇಳ್ರಿ. ಹಳೇ ಪತ್ರಿಕೆಯ ತುಣುಕು, ಫೋಟೋ ಏನಾದ್ರೂ ಸಿಕ್ರ ನನಗೆ ಮೆಸೇಜ್ ಮಾಡ್ರಿ. ಅವರ ಮನೆಯವರನ್ನ ಕೇಳದೆ ಎಲ್ಲೂ ಹಾಕಂಗಿಲ್ಲ, ಮಾತು ಕೊಡ್ತೀನಿ.

ಇನ್ನೊಂದು. ಕ್ಲಾಸ್ ಗ್ರೂಪ್‌ನಲ್ಲಿ ಆವತ್ತು ನಾನು ಹಾಕಿದ ಮೆಸೇಜ್ ಡಿಲೀಟ್ ಮಾಡಲಿಕ್ಕೆ ಹೋದೆ, ಆಗಲಿಲ್ಲ, ಟೈಮ್ ಮೀರಿತ್ತು. ಅದಕ್ಕೆ ಇಲ್ಲೇ ಹೇಳ್ತೀನಿ. ದೋಸ್ತಾ, ತಪ್ಪಾತು. ಟ್ಯಾಲಿ ಕ್ಲಾಸ್ ಇರೋದು ಸಾಯಂಕಾಲ ಅಲ್ವಾ? ಬೆಳಿಗ್ಗೆ ನೀನು ಖಾಲಿ ಇರ್ತೀ ಅಂತ ನನಗೆ ಗೊತ್ತು. ಭಾನುವಾರ ಆರು ಗಂಟೆಗೆ ಗ್ರೌಂಡ್ ಗೇಟ್ ಹತ್ತಿರ ಇರ್ತೀನಿ. ಉಳಿದವರೂ ಬರೋರು ಬರ್ರಿ. ಎರಡೂವರೆ ಸುತ್ತು, ನಾಲ್ಕು ನಿಮಿಷ. ಸ್ಟಾಪ್‌ವಾಚ್ ನಾನು ತರ್ತೀನಿ. ಮುಂದೆ ನೀನು ಓಡು, ನಾನು ಹಿಂದೆ ಬರ್ತೀನಿ.